ಕುಮಟೆಗೆ ಮನೆ ಸಾಗಿಸುವ ಮುಂಚೆ ಒಂದು ಮಳೆಗಾಲ

ಡಿಸೆಂಬರಿನಲ್ಲಿ ಸಮುದ್ರ ನೋಡಿ ಮನೆ ಹುಡುಕಬೇಡಿ. ಆಗ ಎಲ್ಲ ಊರೂ ಚಂದ. ನಾನು ರಾಜಾಜಿನಗರದ ಮನೆ ಬಿಡದೆ, ಜೂನ್‌ನಿಂದ ಆಗಸ್ಟ್‌ವರೆಗೆ ಕುಮಟೆಯಲ್ಲಿ ಬಾಡಿಗೆಗಿದ್ದು ನೋಡಿದೆ. ಎರಡೆರಡು ಬಾಡಿಗೆ ಕಟ್ಟುವಾಗ ಹೊಟ್ಟೆ ಉರಿಯಿತು, ನಿಜ. ಆದರೆ ಅದೇ ಸರಿಯಾದ ಪರೀಕ್ಷೆ. ಬಟ್ಟೆ ನಾಲ್ಕು ದಿನವಾದರೂ ಒಣಗಲಿಲ್ಲ. ಚಪ್ಪಲಿಗೆ ಬೂಷ್ಟು, ಬೀಗಕ್ಕೆ ತುಕ್ಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ತಾಜಾ ಬಂಗುಡೆಯ ಆಸೆಗೆ ಹೋದವನು ಒಣಮೀನು ತಿಂದೆ.

ಮನೆಯಿಂದಲೇ ಕೆಲಸ ಮಾಡುವವರು ಜೋರು ಮಳೆಯ ದಿನವೇ ಒಂದು ವಿಡಿಯೊ ಕಾಲ್ ಇಟ್ಟುಕೊಳ್ಳಿ. ಇಂಟರ್ನೆಟ್ ವಿಷಯಕ್ಕೆ ಮಾಲೀಕರ ಮಾತಲ್ಲ, ಪಕ್ಕದ ಮನೆಯ ಕಾಲೇಜು ಹುಡುಗರ ಮಾತು ನಂಬಿ. ಬಾವಿ ನೀರನ್ನು ಮಾತ್ರ ಮೇ ತಿಂಗಳಲ್ಲಿ ಕುಡಿದು ನೋಡಬೇಕು. ಕಡಲ ಹತ್ತಿರದ ಬಾವಿ ಉಪ್ಪಾಗುವುದಿದ್ದರೆ ಆಗಲೇ.

ಮನೆಯಲ್ಲಿ ಹಿರಿಯರಿದ್ದರೆ ಆಸ್ಪತ್ರೆಯ ಲೆಕ್ಕ ಎಲ್ಲಕ್ಕಿಂತ ಮೊದಲು. ಮಣಿಪಾಲ ಅಲ್ಲಿಂದ ನೂರು ಕಿಲೋಮೀಟರಿಗೂ ದೂರ. ಅಮ್ಮನ ಹೃದಯದ ತೊಂದರೆ ನೆನೆದು ನಾನು ಪೂರ್ತಿ ಹೋಗಲಿಲ್ಲ. ಸದ್ಯ ತಿಂಗಳಿಗೆ ಹತ್ತು ದಿನ, ರಾತ್ರಿಯ ಪಂಚಗಂಗಾ ರೈಲು ಹತ್ತಿ ಹೋಗುತ್ತೇನೆ. ಚಪ್ಪಲಿ ಈಗ ಪ್ಲಾಸ್ಟಿಕ್ಕಿನದು.