ಪ್ಲಾನ್ ಏರಿಸಿದರೂ ಲ್ಯಾಗ್ ಹೋಗಲಿಲ್ಲ, ಆಮೇಲೆ ಒಂದೊಂದೇ ಹುಡುಕಿದೆ

ರಾತ್ರಿ ಒಂಬತ್ತೂವರೆ ಆದರೆ ಸಾಕು, ವ್ಯಾಲರಂಟ್ ಅನ್ನುವ ಆನ್‌ಲೈನ್ ಶೂಟಿಂಗ್ ಆಟದಲ್ಲಿ ನನ್ನ ಪಿಂಗ್ (ಡೇಟಾ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್) 30ರಿಂದ 300ಕ್ಕೆ ಹಾರುತ್ತಿತ್ತು. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ, ಅವನ ಗೆಳೆಯರು, ನಾನು ದಿನಾ ಒಟ್ಟಿಗೆ ಆಡುತ್ತೇವೆ. ನನ್ನ ಪರದೆಯಲ್ಲಿ ನಾನು ಗೋಡೆ ಮರೆಗೆ ಸರಿದಾಗಿರುತ್ತದೆ, ಆಟ ನಡೆಸುವ ದೂರದ ಕಂಪ್ಯೂಟರ್, ಅಂದರೆ ಸರ್ವರ್ ಲೆಕ್ಕದಲ್ಲಿ ಇನ್ನೂ ಬಯಲಲ್ಲೇ ನಿಂತಿರುತ್ತೇನೆ. ಈ ತಡವೇ ಲ್ಯಾಗ್. "ಅಣ್ಣಾ, ನಿಂದು ಮತ್ತೆ ನೆಟ್ ಹೋಯ್ತಾ?" ಅಂತ ಅವನು ಕೇಳಿದಾಗ ತುಂಬಾ ಬೇಜಾರಾಗುತ್ತಿತ್ತು. ಐದು ಜನರ ತಂಡದಲ್ಲಿ ಒಬ್ಬ ಹೀಗೆ ನಿಂತರೆ ಉಳಿದ ನಾಲ್ವರ ಆಟವೂ ಕೆಡುತ್ತದೆ.

ನಮ್ಮ ಮನೆ ತುಮಕೂರಿನ ಕ್ಯಾತ್ಸಂದ್ರದಲ್ಲಿ. ಫೈಬರ್ ಕನೆಕ್ಷನ್ ಇದೆ. ನಾನು ಮೊದಲು ಮಾಡಿದ್ದು 40 ಎಂಬಿಪಿಎಸ್ ಪ್ಲಾನನ್ನು 100ಕ್ಕೆ ಏರಿಸಿದ್ದು. ಸ್ಪೀಡ್ ಟೆಸ್ಟ್ ಚೆನ್ನಾಗಿ ಬಂತು, ಲ್ಯಾಗ್ ಹಾಗೇ ಇತ್ತು. ಮುಂದಿನ ತಿಂಗಳು ಮತ್ತೆ 40ಕ್ಕೇ ಬಂದೆ. ಆಡುವ ಹೊತ್ತಲ್ಲಿ ಒಂದು ಎಂಬಿಪಿಎಸ್ ಕೂಡ ಪೂರ್ತಿ ಬೇಕಾಗುವುದಿಲ್ಲ. ಆ ಚೂರು ಡೇಟಾ ತಡವಾಗದೆ ಹೋಗಿ ಬರಬೇಕು, ಅಷ್ಟೇ.

ಎಷ್ಟು ಬೇಗ ಬರಲು ಸಾಧ್ಯ? ಈ ಆಟದ ಸರ್ವರ್ ಮುಂಬೈಯಲ್ಲಿದೆ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರಲು 2000 ಕಿ.ಮೀ. ಅಂದುಕೊಂಡರೂ 10 ಮಿಲಿಸೆಕೆಂಡ್. ಸುತ್ತು ದಾರಿ, ಮಧ್ಯದ ಯಂತ್ರಗಳು ಎಲ್ಲಾ ಸೇರಿ ನಮಗೆ 30 ಬರುವುದು ಸರಿಯೇ. 300 ಬಂದರೆ ಅದಕ್ಕೆ ದೂರ ಕಾರಣ ಅಲ್ಲ, ಅಲ್ವಾ?

ಹಾಗಾಗಿ ಮನೆಯೊಳಗಿಂದಲೇ ಶುರು ಮಾಡಿದೆ. ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್ ತೆರೆದು ನಮ್ಮ ರೂಟರಿನ ವಿಳಾಸ 192.168.1.1ಕ್ಕೇ ಪಿಂಗ್ ಬಿಟ್ಟೆ. ಎರಡು ಕೋಣೆ ಆಚೆ ಇರುವ ಡಬ್ಬಿ ಅದು. 3, 4, 3, ಆಮೇಲೆ 180, ಮತ್ತೆ 4, ಆಮೇಲೆ ಉತ್ತರವೇ ಇಲ್ಲ. ಇಂಟರ್ನೆಟ್ ಕಂಪನಿಯ ಲೈನು ಶುರುವಾಗುವ ಮೊದಲೇ ಕೆಟ್ಟಿದೆ! ನಮ್ಮದು ಹಳೇ ಮನೆ, ದಪ್ಪ ಕಲ್ಲಿನ ಗೋಡೆ. 5 ಗಿಗಾಹರ್ಟ್ಸ್ ವೈಫೈ ನನ್ನ ಕೋಣೆ ಮುಟ್ಟುತ್ತಲೇ ಇರಲಿಲ್ಲ. ಉಳಿದದ್ದು 2.4 ಗಿಗಾಹರ್ಟ್ಸ್, ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದೇ ಮೂರು: 1, 6, 11. ಅಕ್ಕಪಕ್ಕದ ಮನೆಗಳ ವೈಫೈ ಎಲ್ಲಾ ಅಲ್ಲೇ ತುಂಬಿಕೊಂಡಿತ್ತು. ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ತಂದು ರೂಟರಿನಿಂದ ಕಂಪ್ಯೂಟರಿಗೆ ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಎಳೆದೆ. ರೂಟರಿಗೆ ಪಿಂಗ್ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಆಯಿತು. ಕೇಬಲ್ ಎಳೆಯಲು ಆಗುವವರು ಬೇರೆ ಏನೂ ಯೋಚಿಸದೆ ಮೊದಲು ಇದನ್ನೇ ಮಾಡಿ.

ಹಗಲಲ್ಲಿ ಲ್ಯಾಗ್ ಹೋಯಿತು. ರಾತ್ರಿಯದು ಉಳಿಯಿತು.

ಈ ಸಲ ಎರಡು ಕಿಟಕಿ ತೆರೆದಿಟ್ಟೆ. ಒಂದರಲ್ಲಿ ರೂಟರಿಗೆ ಪಿಂಗ್, ಇನ್ನೊಂದರಲ್ಲಿ ಹೊರಗಿನ 8.8.8.8ಕ್ಕೆ, ಅದು ಗೂಗಲ್‌ನ ಸರ್ವರ್. ಒಂಬತ್ತೂವರೆಗೆ ಮೊದಲನೆಯದು ಕದಲಲಿಲ್ಲ, ಎರಡನೆಯದು 12ರಿಂದ 280ಕ್ಕೆ ಏರಿತು. ರೂಟರಿನ ಪುಟದಲ್ಲಿ ಯಾರ್‍ಯಾರು ಕನೆಕ್ಟ್ ಆಗಿದ್ದಾರೆ ನೋಡಿದೆ. ಅಕ್ಕ ಕೆಲಸ ಮುಗಿಸಿ ಬಂದು ಊಟಕ್ಕೆ ಕೂತಿದ್ದಳು, ಅವಳ ಫೋನು ಚಾರ್ಜಿಗೆ. ಅವಳು ಕೆಲಸದ ಜಾಗದಲ್ಲಿ ತೆಗೆದ ವಿಡಿಯೊಗಳೆಲ್ಲಾ ಆ ಹೊತ್ತಿಗೆ ಬ್ಯಾಕಪ್ ಆಗುತ್ತಿದ್ದವು. "ಅಕ್ಕಾ, ಒಂದು ನಿಮಿಷ ನಿಲ್ಲಿಸ್ತೀನಿ" ಅಂತ ಬ್ಯಾಕಪ್ ತಡೆದೆ. ಪರದೆ ಮೇಲೆ 280, 260, 40, 12, 12. ಆ ಅಂಕಿ ಇಳಿದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ನಾನು ಬಟವಾಡಿಯ ಎಪಿಎಂಸಿ ಯಾರ್ಡಿನಲ್ಲಿ ಲೆಕ್ಕ ಬರೆಯುವವನು. ಅಲ್ಲಿ ವೇಬ್ರಿಡ್ಜ್ ಮುಂದೆ ಲಾರಿಗಳು ಸಾಲಾಗಿ ನಿಂತಾಗ, ಹಿಂದೆ ಒಂದೇ ಮೂಟೆ ತಂದ ಆಟೋದವನೂ ಕಾಯಬೇಕು. ಇದೂ ಹಾಗೇ. ಅಪ್‌ಲೋಡ್ ಪೂರ್ತಿ ತುಂಬಿದಾಗ ರೂಟರ್ ಎಲ್ಲವನ್ನೂ ಸಾಲಲ್ಲಿ ನಿಲ್ಲಿಸುತ್ತದೆ. ವಿಡಿಯೊ ಕಾಯ್ದರೆ ಏನೂ ಆಗುವುದಿಲ್ಲ, ಆಟದ ಡೇಟಾ ಕಾಯ್ದರೆ ಆಟ ಕೆಡುತ್ತದೆ. ಅಕ್ಕನಿಗೆ ಬ್ಯಾಕಪ್ ಬೇಡ ಅನ್ನುವುದು ಸರಿಯಲ್ಲ, ಅವಳ ಕೆಲಸವೂ ನಡೆಯಬೇಕು. ಯಾರಿಗೆ ಮೊದಲ ಸರದಿ ಅಂತ ಹೇಳುವ ರೂಟರಿನ ಕ್ಯೂಓಎಸ್ ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ಮಿತಿಯನ್ನು 40ರ ಬದಲು 34 ಅಂತ ಹಾಕಿ, ನನ್ನ ಕಂಪ್ಯೂಟರಿಗೆ ಮೊದಲ ಸರದಿ ಕೊಟ್ಟೆ. ಲೈನು ಪೂರ್ತಿ ತುಂಬದಿದ್ದರೆ ಸಾಲು ಬೆಳೆಯುವುದೇ ಇಲ್ಲ. ಈಗ ಅವಳ ಬ್ಯಾಕಪ್ ನಡೆಯುವಾಗಲೂ 8.8.8.8ರ ಪಿಂಗ್ 20 ದಾಟುವುದಿಲ್ಲ.

ಕೊನೆಗೆ ಉಳಿದದ್ದು ಪ್ಯಾಕೆಟ್ ಲಾಸ್, ಅಂದರೆ ಡೇಟಾದ ಚೂರುಗಳು ದಾರಿಯಲ್ಲೇ ಕಳೆದುಹೋಗುವುದು. ವಾರದಲ್ಲಿ ಒಂದೆರಡು ದಿನ, ಯಾರೂ ಏನೂ ಅಪ್‌ಲೋಡ್ ಮಾಡದಿದ್ದಾಗಲೂ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದಾಗೆಲ್ಲಾ "ರೀಸ್ಟಾರ್ಟ್ ಮಾಡಿ ನೋಡಿ ಸಾರ್" ಅನ್ನುತ್ತಿದ್ದರು. ಫೈಬರ್ ಡಬ್ಬಿಯ ಪುಟದಲ್ಲಿ ಆಪ್ಟಿಕಲ್ ಪವರ್ ಅಂತ ಒಂದು ಅಂಕಿ ಇರುತ್ತದೆ, ಬಂದು ಮುಟ್ಟುವ ಬೆಳಕಿನ ಬಲ ಅದು; ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ನಮ್ಮದು -27.6 ಡಿಬಿಎಂ ತೋರಿಸುತ್ತಿತ್ತು. ಇಂಥ ಡಬ್ಬಿಗಳಿಗೆ ಸಾಮಾನ್ಯವಾಗಿ -27 ಕೊನೆಯ ಅಂಚು. "ನೆಟ್ ಸ್ಲೋ" ಅನ್ನುವುದು ಬಿಟ್ಟು ಆ ಅಂಕಿ ಹೇಳಿದೆ. ಅವತ್ತು ಸಂಜೆಯೇ ಹುಡುಗ ಬಂದ. ಕಿಟಕಿ ಚೌಕಟ್ಟಿನ ಸಂದಿಯಲ್ಲಿ ಫೈಬರ್ ವೈರು ಮಡಚಿ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ, ದೊಡ್ಡ ಸುತ್ತು ಬಿಟ್ಟು, ಕನೆಕ್ಟರ್ ಒರೆಸಿ ಹಾಕಿದ. "ತುದೀನ ಕಣ್ಣಿಗೆ ಹಿಡೀಬೇಡಿ ಅಣ್ಣಾ, ಲೇಸರ್ ಕಾಣಲ್ಲ, ಆದ್ರೂ ಇರುತ್ತೆ" ಅಂದ. ನೀವು ನೀವೇ ಬಿಚ್ಚಲು ಹೋದರೆ ಇದನ್ನು ಖಂಡಿತ ನೆನಪಿಡಿ.

ಅವನು ಹೋದ ಮೇಲೆ ಪುಟ ತೆರೆದರೆ -21.3 ಇತ್ತು. ಅದನ್ನು ತಾರೀಖಿನ ಜೊತೆ ಬರೆದು ರೂಟರ್ ಪಕ್ಕ ಅಂಟಿಸಿದ್ದೇನೆ. ಆ ರಾತ್ರಿ ಚಿಕ್ಕಪ್ಪನ ಮಗ ನೆಟ್ ವಿಷಯ ಎತ್ತಲೇ ಇಲ್ಲ.