ಅಪೀಲು ಹಾಕಿದ್ದಾರೆ ಅಂತ ಡಿಕ್ರಿಯನ್ನು ಬೀರುವಿನಲ್ಲಿಟ್ಟು ಕೂರಬೇಡಿ

ಕೊಟ್ಟ ಸಾಲ ವಾಪಸ್ ಬರಲಿಲ್ಲ ಅಂತ ಸಿವಿಲ್ ಕೋರ್ಟಿಗೆ ಹೋಗಿ, ವರ್ಷಗಟ್ಟಲೆ ಅಲೆದು, ಕೊನೆಗೆ ಅಸಲು, ಬಡ್ಡಿ, ಖರ್ಚು ಎಲ್ಲ ಸೇರಿಸಿ ಡಿಕ್ರಿ (ಹಣ ಕೊಡಬೇಕು ಅನ್ನುವ ಕೋರ್ಟಿನ ತೀರ್ಮಾನ) ಪಡೆದಿರಿ ಅಂದುಕೊಳ್ಳಿ. ಮರುತಿಂಗಳೇ ಎದುರಿನವರು ಅಪೀಲು ಹಾಕುತ್ತಾರೆ. ಆಗ ಊರೆಲ್ಲ ಹೇಳುವುದು ಒಂದೇ ಮಾತು: "ಅಪೀಲು ಮುಗಿಯಲಿ, ಅಲ್ಲಿವರೆಗೆ ಏನೂ ಮಾಡೋಕಾಗಲ್ಲ." ನಮ್ಮ ಚಿಕ್ಕಪ್ಪ ಈ ಮಾತು ನಂಬಿ ನಾಲ್ಕು ವರ್ಷ ಸುಮ್ನೆ ಕೂತರು. ಆಮೇಲೆ ಫೈಲ್ ತೆಗೆಸಿ ನೋಡಿದರೆ ಆ ಅಪೀಲಿನಲ್ಲಿ ಸ್ಟೇ ಅನ್ನುವುದೇ ಇರಲಿಲ್ಲ. ಅಷ್ಟರಲ್ಲಿ ಸಾಲಗಾರರು ತಮ್ಮ ಸೈಟು ಮಾರಿಬಿಟ್ಟಿದ್ದರು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾನೂನು ಸ್ಪಷ್ಟವಾಗಿದೆ. ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆ) 41ನೇ ಆದೇಶದ, ಅಂದರೆ ಅದರ 41ನೇ ಅಧ್ಯಾಯದ, 5ನೇ ನಿಯಮದ ಪ್ರಕಾರ ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ಮೇಲಿನ ಕೋರ್ಟು ಬೇರೆಯಾಗಿ ತಡೆಯಾಜ್ಞೆ ಕೊಟ್ಟರೆ ಮಾತ್ರ ನಿಲ್ಲುತ್ತದೆ. ಇನ್ನೊಂದು ವಿಷಯ ಗಮನಿಸಿ. ಅಮಲ್ಜಾರಿ ಅರ್ಜಿಯಲ್ಲಿ (ಡಿಕ್ರಿ ಜಾರಿ ಮಾಡಿಸಲು ಹಾಕುವ ಅರ್ಜಿ) ಏನೇನು ಬರೆಯಬೇಕು ಅಂತ 21ನೇ ಆದೇಶದ 11ನೇ ನಿಯಮ ಹೇಳುತ್ತದಲ್ಲ, ಅದರಲ್ಲಿ "ಅಪೀಲು ಆಗಿದೆಯೇ" ಅನ್ನುವುದೂ ಒಂದು ಕಲಂ. ಅಪೀಲು ಇದ್ದರೆ ಅರ್ಜಿ ಹಾಕುವ ಹಾಗೇ ಇಲ್ಲ ಅಂತಿದ್ದರೆ ಆ ಕಲಂ ಯಾಕೆ ಬೇಕಿತ್ತು?

ತೀರ್ಪು ಬಂದ ವಾರದಲ್ಲೇ ಮೇಲಿನ ಕೋರ್ಟಿನಲ್ಲಿ ಕೇವಿಯಟ್ ಹಾಕಿಸಿ. ನಿಮಗೆ ತಿಳಿಸದೆ ಸ್ಟೇ ಆಗಬಾರದು ಅನ್ನುವುದಕ್ಕೆ ಇದು. 90 ದಿನ ಮಾತ್ರ ಇರುತ್ತದೆ. ಅಷ್ಟರಲ್ಲಿ ಅಪೀಲು ಬರದಿದ್ದರೆ ಇನ್ನೊಂದು ಹಾಕಿ. ಅಪೀಲು ಬಂದಿದೆ ಅಂತ ಗೊತ್ತಾದ ಕೂಡಲೇ ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸು ಹುಡುಕಿ, ಸ್ಟೇ ಅರ್ಜಿ ಇದೆಯಾ, ಆದೇಶ ಆಗಿದೆಯಾ ಅಂತ ನೀವೇ ಕಣ್ಣಾರೆ ನೋಡಿ. ಯಾರದೋ ಬಾಯಿಮಾತು ನಂಬಬೇಡಿ.

ಸ್ಟೇ ಕೇಳಿದರು ಅಂತ ಗಾಬರಿಯೂ ಬೇಡ, ಏಕೆಂದರೆ ನಿಜವಾದ ಹೋರಾಟ ಇರುವುದು ಇಲ್ಲೇ. ಡಿಕ್ರಿ ಜಾರಿಯಾದರೆ ತಮಗೆ ದೊಡ್ಡ ನಷ್ಟ ಆಗುತ್ತದೆ, ಅರ್ಜಿ ಹಾಕಲು ತಡ ಮಾಡಿಲ್ಲ ಅಂತ ಅವರು ತೋರಿಸಬೇಕು, ಭದ್ರತೆಯನ್ನೂ (ಜಾಮೀನಿನಂಥ ಖಾತರಿ) ಕೊಡಬೇಕು. ಹಣದ ಡಿಕ್ರಿಯಾದರೆ ಇನ್ನೂ ಬಿಗಿ. ತಕರಾರಿರುವ ಮೊತ್ತವನ್ನು ಕೋರ್ಟು ಹೇಳಿದ ಅವಧಿಯಲ್ಲಿ ಠೇವಣಿ ಇಡಬೇಕು, ಇಲ್ಲವೇ ಭದ್ರತೆ ಕೊಡಬೇಕು. ಎರಡೂ ಮಾಡದಿದ್ದರೆ ಸ್ಟೇ ಕೊಡಬಾರದು ಅಂತ ಅದೇ 5ನೇ ನಿಯಮದ ಕೊನೆಯ ಉಪನಿಯಮ ಹೇಳುತ್ತದೆ. ನಿಮ್ಮ ವಕೀಲರ ಹತ್ತಿರ ಇದನ್ನೇ ಒತ್ತಿ ಹೇಳಿಸಿ. ಹಣ ಠೇವಣಿಗೆ ಬಂದರೆ ಬ್ಯಾಂಕಿನಲ್ಲಿ ಎಫ್‌ಡಿ ಮಾಡಿಸಲು ಕೇಳಿ. ಭದ್ರತೆ ಕೊಟ್ಟು ಒಂದು ಭಾಗವನ್ನಾದರೂ ಪಡೆಯಲು ಅರ್ಜಿ ಹಾಕಿ.

ಸ್ಟೇ ಇಲ್ಲವಾ? ಹಾಗಾದರೆ ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ಅಮಲ್ಜಾರಿ ಅರ್ಜಿ ಹಾಕಿ. 12 ವರ್ಷ ಕಾಲಾವಕಾಶ ಇದೆ, ನಿಜ. ಆದರೆ ಎರಡು ವರ್ಷ ದಾಟಿದರೆ ಮೊದಲು ಎದುರಿನವರಿಗೆ ನೋಟಿಸ್ ಹೋಗಬೇಕಾಗುತ್ತದೆ, ಅದರಲ್ಲೇ ತಿಂಗಳುಗಳು ಹೋಗುತ್ತವೆ. ಆಸ್ತಿ ಬೇರೆ ಜಿಲ್ಲೆಯಲ್ಲಿದ್ದರೆ ಡಿಕ್ರಿಯನ್ನು ಅಲ್ಲಿನ ಕೋರ್ಟಿಗೆ ವರ್ಗಾಯಿಸಲು ಕೇಳಿ.

ಅವರ ಹತ್ತಿರ ಏನಿದೆ ಅಂತ ಹುಡುಕುವುದು ನಿಮ್ಮ ಕೆಲಸ, ಕೋರ್ಟಿನದಲ್ಲ. ಪಹಣಿ ತೆಗೆಸಿ, ಇಸಿ (ಋಣಭಾರ ಪತ್ರ) ತೆಗೆಸಿ. ಅವರು ನಿಮಗೆ ಹಿಂದೆ ಕೊಟ್ಟ ಚೆಕ್ಕಿನ ಮೇಲೆ ಬ್ಯಾಂಕಿನ ಹೆಸರು ಇದ್ದೇ ಇರುತ್ತದೆ. ಏನೂ ಸಿಗಲಿಲ್ಲ ಅಂದರೆ 21ನೇ ಆದೇಶದ 41ನೇ ನಿಯಮದಡಿ ಆಸ್ತಿಪಟ್ಟಿಯ ಪ್ರಮಾಣಪತ್ರ ಕೊಡಿಸಲು ಕೇಳಬಹುದು. ಕೋರ್ಟು ಹೇಳಿದ ಮೇಲೂ ಕೊಡದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲು ಆಗಬಹುದು.

ನನ್ನ ಅನುಭವದಲ್ಲಿ ಮೊದಲು ಬ್ಯಾಂಕ್ ಖಾತೆ ಮತ್ತು ಸಂಬಳಕ್ಕೆ ಕೈ ಹಾಕುವುದು ಒಳ್ಳೆಯದು. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವ ಹಾಗಿಲ್ಲ. ಅಂದರೆ 31,000 ಸಂಬಳದಲ್ಲಿ ತಿಂಗಳಿಗೆ 10,000 ಸಿಗಬಹುದು, ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಪಿಎಫ್, ಸರ್ಕಾರಿ ಪಿಂಚಣಿ, ಅಡುಗೆ ಪಾತ್ರೆ, ಹಾಸಿಗೆ, ತಾಳಿ, ರೈತನ ನೇಗಿಲು ಮತ್ತು ಎತ್ತು, ಇವು ಜಪ್ತಿಗೆ ಬರುವುದಿಲ್ಲ. ಬರಲೂಬಾರದು.

ಮನೆ, ಜಮೀನಿನ ವಿಷಯ ಸ್ವಲ್ಪ ಬೇರೆ. ಹರಾಜಿಗೆ ಆದೇಶ ಆದ ಮೇಲೆ ಅಪೀಲು ಬಾಕಿ ಇದೆ ಅಂತ ಸಾಲಗಾರ ಅರ್ಜಿ ಕೊಟ್ಟರೆ, ಭದ್ರತೆಯೋ ಬೇರೆ ಷರತ್ತೋ ಹಾಕಿ ಹರಾಜನ್ನು ನಿಲ್ಲಿಸಬೇಕು ಅಂತ 41ನೇ ಆದೇಶದ 6ನೇ ನಿಯಮವೇ ಹೇಳುತ್ತದೆ. ಹಾಗಂತ ಜಪ್ತಿ ಬಿಡಬೇಡಿ. ಜಪ್ತಿ ಆದ ಮೇಲೆ ಅವರು ಆಸ್ತಿಯನ್ನು ಯಾರಿಗಾದರೂ ಮಾರಿದರೂ ಆ ಮಾರಾಟ ನಿಮ್ಮ ಹಕ್ಕಿಗೆ ಅಡ್ಡ ಬರುವುದಿಲ್ಲ. ಜಪ್ತಿಗೆ ಮುಂಚೆಯೇ ಕರಾರು ಮಾಡಿ ನೋಂದಾಯಿಸಿದ್ದರೆ ಮಾತ್ರ ತೊಂದರೆ. ಜಮೀನಿನ ಹತ್ತಿರ ತಮಟೆ ಹೊಡೆದು ಸಾರುವುದು, ಆದೇಶದ ಪ್ರತಿ ಅಂಟಿಸುವುದು ಸರಿಯಾಗಿ ಆಗಿದೆಯಾ ಅಂತ ನೋಡಿಕೊಳ್ಳಿ. ಚಿಕ್ಕಪ್ಪನ ಸಾಲಗಾರರು ಮಾರಿದರು ಅಂದೆನಲ್ಲ, ಆ ಸೈಟು ಉಳಿಯುತ್ತಿದ್ದುದು ಈ ಒಂದು ಹೆಜ್ಜೆಯಿಂದ.

"ಜೈಲಿಗೆ ಹಾಕಿಸಿ" ಅಂತ ಕೆಲವರು ಹೇಳುತ್ತಾರೆ. ಮುಖ್ಯವಾಗಿ ಕೊಡುವ ಶಕ್ತಿ ಇದ್ದೂ ಕೊಡದವರಿಗೆ ಅದು. ಬಡತನಕ್ಕೆ ಜೈಲಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಹಣದ ಡಿಕ್ರಿಗೆ ಹೆಂಗಸರನ್ನಂತೂ ಬಂಧಿಸುವ ಹಾಗೇ ಇಲ್ಲ.

ಅರ್ಜಿ ಎಳೆದಾಡುತ್ತಿದ್ದರೆ 2021ರ ಏಪ್ರಿಲ್‌ನ ತೀರ್ಪನ್ನು ಮುಂದಿಡಿ. ಬೆಂಗಳೂರಿನ ಜಾಗದ ವ್ಯಾಜ್ಯವೊಂದರಲ್ಲೇ, ಅಮಲ್ಜಾರಿ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಬೇಕು, ತಡವಾದರೆ ಕಾರಣ ಬರೆಯಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು.

ಇನ್ನು ಹಣ ಕೈಗೆ ಬಂದ ಮೇಲೆ. ಅಪೀಲಿನಲ್ಲಿ ತೀರ್ಪು ತಿರುಗಿದರೆ ಸಿಪಿಸಿಯ 144ನೇ ಸೆಕ್ಷನ್ ಪ್ರಕಾರ ಪಡೆದದ್ದನ್ನು ವಾಪಸ್ ಕೊಡಬೇಕು, ಬಡ್ಡಿಯನ್ನೂ ಕೇಳಬಹುದು. ಮಗಳ ಮದುವೆಗೋ ಮನೆ ಕಟ್ಟಲಿಕ್ಕೋ ಆ ಹಣವನ್ನು ಪೂರ್ತಿ ಸುರಿಯುವ ಮೊದಲು, ಅಪೀಲಿನಲ್ಲಿ ನಿಮ್ಮ ಕೇಸು ಎಷ್ಟು ಗಟ್ಟಿ ಅಂತ ವಕೀಲರನ್ನು ನೇರವಾಗಿ ಕೇಳಿ. ಅನುಮಾನ ಇದೆ ಅಂದರೆ ತೀರ್ಪು ಬರುವವರೆಗೆ ಹಣ ಬ್ಯಾಂಕಿನಲ್ಲೇ ಇರಲಿ.