ಸಿಪ್ಪರ್‌ನಿಂದ ಲೋಟಕ್ಕೆ: ಮಗಳಿಗೆ ಕುಡಿಯಲು ಕಲಿಸಿದ ನನ್ನ ಅನುಭವ

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದೀಚೆಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಸಿಗುತ್ತದೆ. ಅದರಲ್ಲಿ ಒಂದಷ್ಟನ್ನು ಹೆರಿಗೆಗೆ ಮುಂಚೆಯೇ ಬಳಸಿಕೊಂಡವರಿಗೆ, ಮಗು ಆರು ತಿಂಗಳು ತುಂಬುವ ಹೊತ್ತಿಗೆ ರಜೆಯೂ ಮುಗಿದಿರುತ್ತದೆ. ನಾನು ಉಳಿಸಿಕೊಂಡಿದ್ದ ಗಳಿಕೆ ರಜೆಯನ್ನು ಸೇರಿಸಿ ಇನ್ನೂ ಕೆಲವು ವಾರ ಮನೆಯಲ್ಲಿ ಉಳಿದೆ. ಮಗಳು ಆರು ತಿಂಗಳು ತುಂಬುವವರೆಗೆ ಎದೆಹಾಲನ್ನು ಬಿಟ್ಟು ಬೇರೇನನ್ನೂ ಕುಡಿದಿರಲಿಲ್ಲ. ನಾನು ಕಚೇರಿಗೆ ಹೊರಟ ಮೇಲೆ ಅತ್ತೆಯವರು ಅವಳಿಗೆ ಹಿಂಡಿಟ್ಟ ಹಾಲನ್ನು ಕುಡಿಸಬೇಕಾಗಿತ್ತು. ಆರು ತಿಂಗಳಿಗೆ ನಿಪ್ಪಲ್ ಬಾಟಲಿ ಹಿಡಿಸಿ, ವರ್ಷ ತುಂಬಿದ ಮೇಲೆ ಅದನ್ನು ಬಿಡಿಸಲು ಹರಸಾಹಸ ಪಡುವುದಕ್ಕಿಂತ ನೇರವಾಗಿ ಕಪ್ಪಿಗೇ ಹೋಗುವುದು ಮೇಲೆಂದು ನಾವು ತೀರ್ಮಾನಿಸಿದೆವು.

ನಮ್ಮ ಮನೆಯಲ್ಲಿ ಕಪ್ಪಿಗಿಂತ ಮೊದಲು ಚರ್ಚೆಗೆ ಬಂದದ್ದು ಒಳಲೆ, ಅಂದರೆ ಕೂಸುಗಳಿಗೆ ಹಾಲು ಕುಡಿಸುವ ಮೂತಿಯುಳ್ಳ ಪುಟ್ಟ ಬಟ್ಟಲು. ನಾಮಕರಣಕ್ಕೆ ತವರಿನಿಂದ ಬಂದ ಬೆಳ್ಳಿಯ ಒಳಲೆ ಬೀರುವಿನಲ್ಲಿತ್ತು. ಒಳಲೆ ಒಳ್ಳೆಯ ಸಾಧನವೇ. ಅವಧಿಗೆ ಮುನ್ನ ಹುಟ್ಟಿ, ಎದೆಯನ್ನು ಹಿಡಿದು ಚೀಪುವ ಶಕ್ತಿಯಿಲ್ಲದ ಕೂಸುಗಳಿಗೆ ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಇದರಲ್ಲೇ ಹಾಲು ಕುಡಿಸುತ್ತಾರೆ. ಒಂದೇ ಲೋಹದ ತುಂಡಾದ್ದರಿಂದ ತೊಳೆಯುವುದು, ಕುದಿಸುವುದು ಎರಡೂ ಸುಲಭ. ನನ್ನ ತಕರಾರು ಇದ್ದದ್ದು ಅದನ್ನು ಬಳಸುವ ಹಳೆಯ ಕ್ರಮದ ಬಗ್ಗೆ. ಚಾಚಿದ ಕಾಲುಗಳ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಅದು ಅಳಲು ಬಾಯಿ ತೆರೆದಾಗ ಒಳಕ್ಕೆ ಸುರಿಯುವುದು, ಉಗುಳದಂತೆ ಮೂಗನ್ನು ಹಿಡಿಯುವುದು, ಇವೆಲ್ಲ ಹಾಲು ಶ್ವಾಸನಾಳಕ್ಕೆ ಹೋಗಲು ದಾರಿ ಮಾಡಿಕೊಡುತ್ತವೆ. ಅಲ್ಲದೆ ಸುರಿಸಿಕೊಳ್ಳುವ ಮಗುವಿಗೆ ನುಂಗುವುದೊಂದೇ ಕೆಲಸ. ಕಪ್ಪನ್ನು ತುಟಿಗೆ ತಂದುಕೊಳ್ಳುವುದು, ಎಷ್ಟು ಬಾಗಿಸಬೇಕೆಂದು ಅಂದಾಜು ಮಾಡುವುದು, ಬಾಯಿ ತುಂಬಿದಾಗ ನಿಲ್ಲಿಸುವುದು, ಇವುಗಳಲ್ಲಿ ಒಂದನ್ನೂ ಅದು ಕಲಿಯುವುದಿಲ್ಲ. ಆದುದರಿಂದ ಒಳಲೆಯನ್ನು ಇಟ್ಟುಕೊಂಡೆವು, ಮಲಗಿಸಿ ಸುರಿಯುವ ಪದ್ಧತಿಯನ್ನು ಕೈಬಿಟ್ಟೆವು.

ಮಗಳಿಗೆ ಕತ್ತು ಗಟ್ಟಿಯಾಗಿ ನಿಂತಿತ್ತು, ಆಸರೆ ಕೊಟ್ಟರೆ ಕೂರುತ್ತಿದ್ದಳು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತಿತ್ತು. ಕಪ್ಪಿನ ಪಾಠ ಆರಂಭಿಸಲು ಈ ಮೂರು ಲಕ್ಷಣಗಳು ಕ್ಯಾಲೆಂಡರಿಗಿಂತ ಮುಖ್ಯ. ಕೂರಿಸುವಾಗ ಸೊಂಟ ಹಿಂದಕ್ಕೆ ಒತ್ತಿ, ಬೆನ್ನು ನೇರವಾಗಿ, ಪಾದಗಳಿಗೆ ಏನಾದರೂ ಆಧಾರ ಸಿಗುವಂತೆ ಕೂರಿಸುತ್ತಿದ್ದೆ. ಗದ್ದ ಮೇಲಕ್ಕೆತ್ತಿದ್ದರೆ ನುಂಗುವುದು ಕಷ್ಟ, ತುಸು ಕೆಳಗಿದ್ದರೆ ಸಲೀಸು.

ಅಂಗಡಿಯಲ್ಲಿ ಸಿಪ್ಪರ್ ಆರಿಸುವಾಗ ನಾನು ನೋಡಿದ್ದು ಒಂದನ್ನೇ: ವಾಲ್ವ್ ಬಿಚ್ಚಲು ಬರುತ್ತದೆಯೇ ಇಲ್ಲವೇ. ತಲೆಕೆಳಗು ಮಾಡಿದರೂ ಒಂದು ಹನಿ ಬೀಳದ ಕಪ್ಪನ್ನು ಅಂಗಡಿಯವರು ಬಹಳ ಹೆಮ್ಮೆಯಿಂದ ತೋರಿಸುತ್ತಾರೆ. ಆದರೆ ಆ ಕಪ್ಪಿನ ಮುಚ್ಚಳದೊಳಗಿನ ವಾಲ್ವ್ ಎಂಬ ಪುಟ್ಟ ಸಿಲಿಕೋನ್ ಬಿಲ್ಲೆ ಮಗು ಗಟ್ಟಿಯಾಗಿ ಚೀಪಿದರೆ ಮಾತ್ರ ತೆರೆದುಕೊಳ್ಳುತ್ತದೆ. ಬಾಟಲಿಯಲ್ಲಿ ಚೀಪುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. 1980ರ ದಶಕದಲ್ಲಿ ರಿಚರ್ಡ್ ಬೆಲಾಂಜರ್ ಎಂಬ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರ್ ಇಂಥ ಚೆಲ್ಲದ ಕಪ್ಪನ್ನು ರೂಪಿಸಿದ್ದು, ತನ್ನ ಪುಟ್ಟ ಮಗ ಮನೆಯ ತುಂಬ ಚೆಲ್ಲಾಡುತ್ತಿದ್ದುದನ್ನು ತಡೆಯುವುದಕ್ಕಾಗಿ. ಅಂದರೆ ವಾಲ್ವ್ ಹುಟ್ಟಿದ್ದೇ ನೆಲವನ್ನು ಒಣಗಿಸಿಡಲು. ಮಗುವಿಗೆ ಕುಡಿಯಲು ಕಲಿಸುವುದು ಅದರ ಉದ್ದೇಶವಾಗಿರಲಿಲ್ಲ. ನಾನು ಎರಡು ಹಿಡಿಕೆಗಳಿರುವ, ಮೃದುವಾದ ಮೂತಿಯ ಸಣ್ಣ ಕಪ್ಪನ್ನು ತಂದು, ಮನೆಗೆ ಬಂದೊಡನೆ ವಾಲ್ವನ್ನು ತೆಗೆದು ಡಬ್ಬಿಯಲ್ಲಿಟ್ಟೆ. ವಾಲ್ವ್ ಇಲ್ಲದ ಕಪ್ಪು ಬಾಗಿಸಿದರೆ ಸುರಿಯುತ್ತದೆ, ನೆಟ್ಟಗೆ ಹಿಡಿದರೆ ನಿಲ್ಲುತ್ತದೆ. ಮಗು ಅರಿತುಕೊಳ್ಳಬೇಕಾದ ವಿಷಯ ಅದೇ. ಮನೆ ಒರೆಸುವ ಬಟ್ಟೆಯೊಂದನ್ನು ಕೈಗೆಟುಕುವಂತೆ ಇಟ್ಟುಕೊಂಡರೆ ಉಳಿದ ಸಮಸ್ಯೆ ಮುಗಿಯಿತು.

ಮೊದಲ ಪಾಠಗಳೆಲ್ಲ ನೀರಿನಲ್ಲೇ ನಡೆದವು, ಅದೂ ರಾಗಿ ಸರಿ ತಿನ್ನಿಸುವ ಹೊತ್ತಿನಲ್ಲಿ. ಕುದಿಸಿ ಆರಿಸಿದ ನೀರನ್ನು ಚಮಚೆಯಷ್ಟು ಹಾಕಿ, ಮೂತಿಯ ತುದಿಯನ್ನು ನೀರಿನಲ್ಲಿ ಅದ್ದಿ ಅವಳ ಕೆಳತುಟಿಗೆ ತಾಗಿಸುತ್ತಿದ್ದೆ. ಒದ್ದೆ ತಾಗಿದೊಡನೆ ನಾಲಿಗೆ ಹೊರಬಂದು ನೆಕ್ಕುತ್ತಿತ್ತು. ಅವಳ ಎರಡೂ ಕೈಗಳನ್ನು ಹಿಡಿಕೆಗಳ ಮೇಲಿಟ್ಟು, ಅವುಗಳ ಮೇಲೆ ನನ್ನ ಕೈಯನ್ನಿಟ್ಟು ಸ್ವಲ್ಪವೇ ಬಾಗಿಸಿ, ಒಂದು ಗುಟುಕು ಬಾಯಿಗೆ ಬಂದೊಡನೆ ಕಪ್ಪನ್ನು ನೆಟ್ಟಗೆ ಮಾಡಿ ಕಾಯುತ್ತಿದ್ದೆ. ಕಾಯುವುದೇ ಇಲ್ಲಿ ಕಷ್ಟದ ಭಾಗ; ಮಗು ನುಂಗಿ, ಉಸಿರೆಳೆದು, ಮತ್ತೆ ಬಾಯಿ ತೆರೆಯುವವರೆಗೆ ನಮ್ಮ ಕೈ ಮುಂದಕ್ಕೆ ಹೋಗಬಾರದು. ಆರು ತಿಂಗಳಿಂದ ವರ್ಷದವರೆಗಿನ ಮಗುವಿಗೆ ದಿನಕ್ಕೆ 120ರಿಂದ 240 ಮಿಲಿ ನೀರು ಧಾರಾಳವಾಯಿತು, ಅದಕ್ಕಿಂತ ಹೆಚ್ಚಾದರೆ ಹೊಟ್ಟೆಯಲ್ಲಿ ಹಾಲಿಗೆ ಜಾಗವಿರುವುದಿಲ್ಲ. ಆರಂಭದಲ್ಲಂತೂ ಅವಳ ಹೊಟ್ಟೆಗಿಂತ ಅಂಗಿಯೇ ಹೆಚ್ಚು ಕುಡಿಯಿತು.

ಇದರ ಜೊತೆಯಲ್ಲೇ, ಸಿಪ್ಪರ್ ಕಲಿಯುವವರೆಗೆ ಕಾಯದೆ, ದೇವರ ಮನೆಯ ತೀರ್ಥದ ಬಟ್ಟಲಿಗಿಂತ ತುಸು ದೊಡ್ಡದಾದ ಒಂದು ಸ್ಟೀಲ್ ಲೋಟವನ್ನೂ ಬಳಸತೊಡಗಿದೆ. ಮೂತಿಯ ಕಪ್ಪನ್ನು ಮಗು ಚೀಪುತ್ತದೆ, ತೆರೆದ ಲೋಟವನ್ನು ಹೀರಬೇಕಾಗುತ್ತದೆ. ಚೀಪುವಾಗ ನಾಲಿಗೆ ಮೂತಿಯ ಕೆಳಗೆ ಮುಂದೆ ಬಂದಿರುತ್ತದೆ, ಹೀರುವಾಗ ಅದು ಹಿಂದೆ ಸರಿದು ತುಟಿಗಳು ಅಂಚನ್ನು ಮುಚ್ಚಬೇಕು. ಲೋಟ ಚಿಕ್ಕದಿರಲಿ, ಅಂಚು ಮಡಚಿ ನುಣುಪಾಗಿರಲಿ, ಮತ್ತು ಅದು ಬಹುಪಾಲು ತುಂಬಿರಲಿ. ತಳದಲ್ಲಿ ಸ್ವಲ್ಪವೇ ನೀರಿದ್ದರೆ ಮಗು ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಬೇಕಾಗುತ್ತದೆ, ಆಗ ನೀರು ಒಮ್ಮೆಲೇ ಗಂಟಲಿಗೆ ನುಗ್ಗುತ್ತದೆ. ಲೋಟದ ಅಂಚನ್ನು ಕೆಳತುಟಿಯ ಮೇಲೆ ಹಗುರವಾಗಿ ಇರಿಸಿ, ನೀರು ಮೇಲ್ತುಟಿಗೆ ತಾಗುವಷ್ಟು ಮಾತ್ರ ಬಾಗಿಸಿ, ಒಳಕ್ಕೆ ಸುರಿಯದೆ ಅವಳೇ ಎಳೆದುಕೊಳ್ಳಲು ಬಿಡುತ್ತಿದ್ದೆ. ಅವಳು ಬಹಳ ದಿನ ಅಂಚನ್ನು ವಸಡಿನಿಂದ ಕಚ್ಚಿ ಹಿಡಿಯುತ್ತಿದ್ದಳು. ಮನೆಯವರಿಗೆ ಅದು ಹಟದಂತೆ ಕಂಡರೂ, ದವಡೆಯನ್ನು ಒಂದೆಡೆ ನಿಲ್ಲಿಸುವ ಬಲ ಇನ್ನೂ ಬಾರದ ಮಕ್ಕಳು ಹಾಗೆ ಕಚ್ಚಿಯೇ ಸ್ಥಿರತೆ ಪಡೆಯುವುದು ಸಹಜ. ದವಡೆ ಬಲಿತಂತೆ ಕಚ್ಚುವುದು ತಾನಾಗಿ ಕಡಿಮೆಯಾಯಿತು. ತೆಳ್ಳಗಿನ ನೀರು ವೇಗವಾಗಿ ಹರಿಯುವುದರಿಂದ ಗಾಬರಿಯಾದ ದಿನಗಳಲ್ಲಿ ತಿಳಿಯಾದ ರಾಗಿ ಗಂಜಿಯನ್ನೋ ಉಪ್ಪು ಹಾಕದ ಬೇಳೆಕಟ್ಟನ್ನೋ ಲೋಟಕ್ಕೆ ಹಾಕಿದರೆ, ಅದು ನಿಧಾನವಾಗಿ ಬರುವ ಕಾರಣ ಅವಳು ಧೈರ್ಯವಾಗಿ ಕುಡಿಯುತ್ತಿದ್ದಳು.

ನೀರು ಒಗ್ಗಿದ ಮೇಲೆ ಹಾಲಿನ ಸರದಿ. ಇಲ್ಲಿ ನಾನು ಪಕ್ಕದಲ್ಲಿದ್ದರೆ ಕೆಲಸ ಕೆಡುತ್ತಿತ್ತು. ಎದೆಯ ವಾಸನೆ ಸಿಗುತ್ತಿರುವಾಗ ಕಪ್ಪಿನಲ್ಲಿ ಹಾಲು ಕುಡಿಯಲು ಯಾವ ಮಗುವಿಗೆ ತಾನೇ ಮನಸ್ಸಾದೀತು? ಹಾಗಾಗಿ ರಜೆ ಮುಗಿಯುವ ಮುನ್ನವೇ ಬೆಳಗಿನ ಒಂದು ಹೊತ್ತಿನ ಹಾಲನ್ನು ಅತ್ತೆಯವರು ಕೊಡುವುದು, ಆ ಸಮಯಕ್ಕೆ ನಾನು ಮನೆಯಿಂದಲೇ ಹೊರಗೆ ಹೋಗುವುದು ಎಂದು ಗೊತ್ತುಮಾಡಿಕೊಂಡೆವು. ತೀರ ಹಸಿದು ಅಳುವ ಮಗು ಹೊಸದನ್ನು ಕಲಿಯಲಾರದು, ಹೊಟ್ಟೆ ತುಂಬಿದ ಮಗುವಿಗೆ ಕಲಿಯುವ ಅಗತ್ಯವೇ ಇರುವುದಿಲ್ಲ. ನಿದ್ದೆಯಿಂದ ಎದ್ದು ಆಟಕ್ಕೆ ಇಳಿದ ಸ್ವಲ್ಪ ಹೊತ್ತಿನ ನಂತರದ ವೇಳೆ ನಮಗೆ ಹೊಂದಿತು. ಹಿಂಡಿದ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯ ಉಷ್ಣತೆಯಲ್ಲಿ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಇರುತ್ತದೆ. ಮಗು ಬಾಯಿಟ್ಟು ಉಳಿಸಿದ್ದನ್ನು 2 ಗಂಟೆಯೊಳಗೆ ಬಳಸದಿದ್ದರೆ ಚೆಲ್ಲಲೇಬೇಕು. ಚೆಲ್ಲುವಾಗ ಹೊಟ್ಟೆ ಉರಿಯುವುದು ಹಿಂಡಿದವಳಿಗಷ್ಟೇ ಗೊತ್ತು, ಆದ್ದರಿಂದ ಕಪ್ಪಿಗೆ ಒಮ್ಮೆಗೆ ಸ್ವಲ್ಪವೇ ಹಾಕಿ ಬೇಕಾದಂತೆ ಸೇರಿಸಿಕೊಳ್ಳುವ ಕ್ರಮ ಮಾಡಿಕೊಂಡೆವು. ಸಿಪ್ಪರನ್ನು ಮಗಳು ದೂಡಿದ ದಿನ ಅತ್ತೆಯವರು ಅದೇ ಒಳಲೆಯನ್ನು ತೆಗೆಯುತ್ತಿದ್ದರು. ಈಗ ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಮೂತಿಯನ್ನು ಕೆಳತುಟಿಯ ಮೇಲಿಟ್ಟು, ಅವಳು ಎಳೆದುಕೊಂಡಷ್ಟನ್ನೇ ಕೊಡುತ್ತಿದ್ದರು. ಹಗಲಲ್ಲಿ ಕಡಿಮೆ ಕುಡಿದ ದಿನಗಳಲ್ಲಿ ನಾನು ಮನೆಗೆ ಬಂದ ಮೇಲೆ ಎದೆ ಬಿಡದೆ ಅದನ್ನು ಸರಿದೂಗಿಸಿಕೊಂಡಳು. ಡೈಪರ್ ಎಂದಿನಂತೆ ಒದ್ದೆಯಾಗುತ್ತಿದೆಯೇ, ಮೂತ್ರದ ಬಣ್ಣ ತಿಳಿಯಾಗಿದೆಯೇ ಎಂದು ನೋಡಿಕೊಂಡು ಸುಮ್ಮನಿದ್ದೆವು.

ಸ್ಟ್ರಾ ಕಲಿಸಿದ್ದು ಇವೆಲ್ಲಕ್ಕಿಂತ ಸುಲಭವಾಯಿತು. ನೀರಿನ ಲೋಟಕ್ಕೆ ಸ್ಟ್ರಾ ಇಳಿಸಿ, ಮೇಲಿನ ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತಿದರೆ ಒಳಗೊಂದಿಷ್ಟು ನೀರು ನಿಂತಿರುತ್ತದೆ. ಕೆಳತುದಿಯನ್ನು ಅವಳ ತುಟಿಗಳ ನಡುವೆ ಇಟ್ಟು, ತುಟಿ ಮುಚ್ಚಿದ ಕ್ಷಣದಲ್ಲಿ ಬೆರಳನ್ನು ಸಡಿಲಿಸುತ್ತಿದ್ದೆ. ತುಟಿ ಮುಚ್ಚಿದರೆ ನೀರು ಬರುತ್ತದೆ ಎಂಬುದು ಅರ್ಥವಾದೊಡನೆ ಅವಳು ತಾನೇ ಎಳೆಯತೊಡಗಿದಳು. ಸ್ಟ್ರಾ ತುಟಿಯ ತುದಿಯನ್ನು ದಾಟಿ ನಾಲಿಗೆಯ ಮೇಲೆ ಉದ್ದಕ್ಕೆ ಚಾಚಿಕೊಳ್ಳದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಅದೂ ನಿಪ್ಪಲ್ಲಿನ ಕೆಲಸವನ್ನೇ ಮಾಡುತ್ತದೆ.

ಕಲಿಯುವ ಮಗುವಿಗೆ ಆಗಾಗ ನೆತ್ತಿಗೆ ಹತ್ತುತ್ತದೆ. ಹಾಗಾದಾಗ ಮನೆಯಲ್ಲಿ ಒಬ್ಬರು ನೆತ್ತಿ ತಟ್ಟಲು, ಇನ್ನೊಬ್ಬರು ಊದಲು, ಮತ್ತೊಬ್ಬರು ನೀರು ಕುಡಿಸಲು ಧಾವಿಸುತ್ತಾರೆ. ನಾನು ಕಪ್ಪನ್ನು ದೂರ ಸರಿಸಿ, ಅವಳನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಕೆಮ್ಮಲು ಬಿಡುತ್ತಿದ್ದೆ. ಜೋರಾಗಿ ಕೆಮ್ಮುತ್ತಿರುವ ಮಗು ತನ್ನ ಗಂಟಲನ್ನು ತಾನೇ ತೆರವು ಮಾಡಿಕೊಳ್ಳುತ್ತಿರುತ್ತದೆ. ಕೆಮ್ಮಲೂ ಅಳಲೂ ದನಿ ಹೊರಡದಿದ್ದರೆ, ತುಟಿ ನೀಲಿಯಾದರೆ ಅದು ತುರ್ತು ಸ್ಥಿತಿ. ಕುಡಿದಾಗಲೆಲ್ಲ ಕೆಮ್ಮುವುದು, ಪದೇ ಪದೇ ಮೂಗಿನಿಂದ ಹಾಲು ಬರುವುದು, ಕುಡಿದ ಮೇಲೆ ಗಂಟಲು ಗೊರಗೊರ ಎನ್ನುತ್ತಲೇ ಇರುವುದು, ಇವು ಅಭ್ಯಾಸದಿಂದ ಸರಿಹೋಗುವ ವಿಷಯಗಳಲ್ಲ, ಮಕ್ಕಳ ವೈದ್ಯರಿಗೆ ತೋರಿಸಬೇಕಾದವು.

ತೊಳೆಯುವ ವಿಷಯದಲ್ಲಿ ಮಾತ್ರ ಸಿಪ್ಪರ್ ಲೋಟದ ಮುಂದೆ ಸೋಲುತ್ತದೆ. ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ಬೋರ್‌ವೆಲ್ ನೀರಿಗೆ ಮುಚ್ಚಳದ ಒಳಸುತ್ತಿನಲ್ಲಿ ಬಿಳಿಯ ಸುಣ್ಣ ಕಟ್ಟುತ್ತದೆ, ಆ ಸುಣ್ಣಕ್ಕೆ ಹಾಲಿನ ಜಿಡ್ಡು ಅಂಟುತ್ತದೆ, ಮೂತಿಯ ಬುಡದಲ್ಲಿ ಒಂದು ದಿನ ಅಲಕ್ಷ್ಯ ಮಾಡಿದರೆ ಹುಳಿ ವಾಸನೆ ಹೊಡೆಯುತ್ತದೆ. ಕುಡಿಸಿದ ಕೂಡಲೇ ಪ್ರತಿ ಭಾಗವನ್ನೂ ಬಿಡಿಸಿ, ಸಣ್ಣ ಬ್ರಷ್ಷಿನಿಂದ ಮೂತಿಯ ರಂಧ್ರವನ್ನು ಉಜ್ಜಿ, ಕುದಿಸಿ, ಜೋಡಿಸದೆ ಗಾಳಿಗೆ ಒಣಗಲು ಬಿಡುತ್ತಿದ್ದೆವು. ಸುಣ್ಣ ಕಟ್ಟಿದ್ದಕ್ಕೆ ನಿಂಬೆರಸ ಬೆರೆಸಿದ ಬಿಸಿನೀರಿನಲ್ಲಿ ನೆನೆಸಿದರೆ ಸಾಕಾಗುತ್ತಿತ್ತು. ಕಪ್ಪು ಚುಕ್ಕೆ ಕಂಡ ಸಿಲಿಕೋನ್ ಭಾಗವನ್ನು ಉಜ್ಜುತ್ತ ಕೂರದೆ ಎಸೆಯುವುದೇ ಸರಿ.

ವರ್ಷ ತುಂಬಿದ ಮೇಲೆ ಹಸುವಿನ ಹಾಲು ಶುರುವಾಯಿತು, ಅದನ್ನು ಲೋಟದಲ್ಲೇ ಕೊಟ್ಟೆವು. ಸಿಪ್ಪರ್‌ಗೆ ಹಾಲು ತುಂಬಿ ಕೈಗೆ ಕೊಟ್ಟರೆ ಮಗು ದಿನವಿಡೀ ಅದನ್ನೇ ಚೀಪುತ್ತ ಓಡಾಡುತ್ತದೆ. ಮೇಲಿನ ಮುಂಹಲ್ಲುಗಳು ಸದಾ ಹಾಲಿನಲ್ಲಿ ನೆನೆದು ಹುಳುಕಾಗುತ್ತವೆ, ಹಾಲಿನಿಂದಲೇ ಹೊಟ್ಟೆ ತುಂಬಿ ಊಟ ತಪ್ಪುತ್ತದೆ. ದಿನಕ್ಕೆ ಅರ್ಧ ಲೀಟರಿನ ಆಸುಪಾಸಿಗಿಂತ ಬಹಳ ಹೆಚ್ಚು ಹಸುವಿನ ಹಾಲು ಕುಡಿಯುವ ಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆ ಉಂಟಾಗುತ್ತದೆ. ನಡೆಯಲು ಕಲಿಯುವ ಮಗು ಮೂತಿಯನ್ನು ಬಾಯಲ್ಲಿಟ್ಟುಕೊಂಡೇ ಮುಗ್ಗರಿಸಿದರೆ ಆಗುವ ಪೆಟ್ಟು ಬೇರೆ. ಆದುದರಿಂದ ಕುಡಿಯುವುದು ಕೂತಲ್ಲೇ ಎಂಬುದನ್ನು ಅಜ್ಜಿ, ಅಪ್ಪ, ನಾನು ಮೂವರೂ ಒಂದೇ ಮಾತಾಗಿ ಪಾಲಿಸಿದೆವು. ಈಗ ಮನೆಯಲ್ಲಿ ಸಿಪ್ಪರ್ ಹೊರಬರುವುದು ಊರಿಗೆ ಹೋಗುವ ದಿನ ಮಾತ್ರ. ಬಸ್ಸಿನ ಕುಲುಕಾಟದಲ್ಲಿ ತೆರೆದ ಲೋಟ ನಡೆಯದು, ಆಗ ಡಬ್ಬಿಯಲ್ಲಿಟ್ಟ ವಾಲ್ವನ್ನೂ ಜೋಡಿಸುತ್ತೇನೆ. ಅದರಲ್ಲಿ ತುಂಬುವುದು ಬರೀ ನೀರು.